ನಿವೃತ್ತಿಯ ವಯೋಘಟ್ಟಗಳು (ಭಾರತ)

ಪಿಂಚಣಿ, ಉಳಿತಾಯ, ತೆರಿಗೆ ವಿನಾಯಿತಿ, ಆರೋಗ್ಯ ರಕ್ಷಣೆಗಳಿಗೆ ಅರ್ಹತೆ ತರುವ, ನಿಯಮಗಳು ಗೊತ್ತುಪಡಿಸಿದ ವಯಸ್ಸುಗಳು. ಭಾರತದಲ್ಲಿ ಎಲ್ಲರಿಗೂ ಅನ್ವಯಿಸುವ ಒಂದೇ ನಿವೃತ್ತಿ ವಯಸ್ಸಿಲ್ಲ. ಕೇಂದ್ರ ಹಾಗೂ ಕರ್ನಾಟಕ ಸರ್ಕಾರಗಳ ಬಹುಪಾಲು ನೌಕರರು 60ಕ್ಕೆ ನಿವೃತ್ತರಾಗುತ್ತಾರೆ. ಖಾಸಗಿ ವಲಯದಲ್ಲಿ ಆಯಾ ಸಂಸ್ಥೆಯ ಸೇವಾ ನಿಯಮವೇ ಅದನ್ನು ನಿರ್ಧರಿಸುತ್ತದೆ.

18ರಿಂದ 40: ಅಸಂಘಟಿತ ಕಾರ್ಮಿಕರನ್ನು ಮುಖ್ಯವಾಗಿ ಗಮನದಲ್ಲಿಟ್ಟು 2015ರಲ್ಲಿ ಆರಂಭಿಸಿದ ಅಟಲ್ ಪಿಂಚಣಿ ಯೋಜನೆಗೆ ಸೇರಬಹುದಾದ ಅವಧಿ. ಸದಸ್ಯರಿಗೆ 60 ತುಂಬಿದ ಮೇಲೆ ತಿಂಗಳಿಗೆ 1,000ದಿಂದ 5,000 ರೂಪಾಯಿವರೆಗೆ ಖಾತರಿ ಪಿಂಚಣಿ ಸಿಗುತ್ತದೆ. 5,000 ರೂಪಾಯಿ ಪಿಂಚಣಿಗೆ 18ರಲ್ಲಿ ಸೇರಿದವರು ತಿಂಗಳಿಗೆ 210 ರೂಪಾಯಿ ಕಟ್ಟಿದರೆ ಸಾಕು. 40ರಲ್ಲಿ ಸೇರಿದವರು 1,454 ರೂಪಾಯಿ ಕಟ್ಟಬೇಕು. ಬೇಗ ಆರಂಭಿಸುವುದರ ಲಾಭಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ಬೇಕಿಲ್ಲ. ಆದಾಯ ತೆರಿಗೆ ಪಾವತಿದಾರರು 2022ರ ಅಕ್ಟೋಬರ್ 1ರಿಂದ ಹೊಸದಾಗಿ ಸೇರುವಂತಿಲ್ಲ.

50ರಿಂದ 60: ಭವಿಷ್ಯ ನಿಧಿಗೆ ಹೊಂದಿಕೊಂಡ ನೌಕರರ ಪಿಂಚಣಿ ಯೋಜನೆಯಲ್ಲಿ (1995) ಕನಿಷ್ಠ 10 ವರ್ಷ ಸೇವೆ ಸಲ್ಲಿಸಿದವರಿಗೆ 58ಕ್ಕೆ ಪೂರ್ಣ ಪಿಂಚಣಿ ದೊರೆಯುತ್ತದೆ. ಕೆಲಸ ಬಿಟ್ಟವರು 50ರ ನಂತರವೇ ಪಡೆಯಬಹುದು. ಆದರೆ 58ಕ್ಕೆ ಬಾಕಿಯಿರುವ ಪ್ರತಿ ವರ್ಷಕ್ಕೂ ಶೇ. 4ರಷ್ಟು ಕಡಿತವಾಗುತ್ತದೆ, ಆ ಕಡಿತ ಶಾಶ್ವತ. 60ರವರೆಗೆ ಕಾದವರಿಗೆ ವರ್ಷಕ್ಕೆ ಶೇ. 4ರಂತೆ ಹೆಚ್ಚುತ್ತದೆ.

60: ಹಿರಿಯ ನಾಗರಿಕರೆನಿಸುವ ಘಟ್ಟ. 30 ಲಕ್ಷ ರೂಪಾಯಿವರೆಗೆ ತೊಡಗಿಸಬಹುದಾದ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇಲ್ಲಿ ತೆರೆದುಕೊಳ್ಳುತ್ತದೆ. ಸೇವೆಯಿಂದ ನಿವೃತ್ತರಾದವರು ಷರತ್ತಿಗೊಳಪಟ್ಟು 55ರಿಂದ, ರಕ್ಷಣಾ ಪಡೆಗಳಿಂದ ನಿವೃತ್ತರಾದವರು 50ರಿಂದಲೇ ಸೇರಬಹುದು. ಹಳೆಯ ತೆರಿಗೆ ಪದ್ಧತಿಯಲ್ಲಿ 3 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆಯಿಲ್ಲ.

65 ಮತ್ತು 70: ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆ 65 ತುಂಬಿದ, ಕಡಿಮೆ ಆದಾಯದ ವೃದ್ಧರಿಗೆ ಮಾಸಾಶನ ನೀಡುತ್ತದೆ. 2024ರಿಂದ 70 ತುಂಬಿದವರು ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತ್ ಯೋಜನೆಯಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ರಕ್ಷಣೆಗೆ ಅರ್ಹರು.

80ರ ನಂತರ: ಹಳೆಯ ಪದ್ಧತಿಯ ತೆರಿಗೆ ವಿನಾಯಿತಿ 5 ಲಕ್ಷಕ್ಕೇರುತ್ತದೆ. ಕೇಂದ್ರ ಸರ್ಕಾರದ ಪಿಂಚಣಿದಾರರ ಮೂಲ ಪಿಂಚಣಿಗೆ 80ಕ್ಕೆ ಶೇ. 20, 85ಕ್ಕೆ 30, 90ಕ್ಕೆ 40, 95ಕ್ಕೆ 50 ಹಾಗೂ 100ಕ್ಕೆ ಶೇ. 100 ಹೆಚ್ಚುವರಿ ಸೇರುತ್ತದೆ.

ಈ ಎಲ್ಲ ಘಟ್ಟಗಳಿಗೂ ಜನ್ಮದಿನಾಂಕವೇ ಆಧಾರ. ಆಧಾರ್, ಭವಿಷ್ಯ ನಿಧಿ ಹಾಗೂ ಸೇವಾ ದಾಖಲೆಗಳಲ್ಲಿ ಅದು ಒಂದೇ ಆಗಿರುವಂತೆ ದುಡಿಮೆಯಲ್ಲಿರುವಾಗಲೇ ನೋಡಿಕೊಳ್ಳುವುದು ಅಗತ್ಯ.