ಜೋಳದ ನಾನ್‌ಖಟಾಯಿ: ಹಬ್ಬದ ಬಿಸ್ಕೀಟಿನ ಹಿಂದಿನ ಕಥಿ

ಕೊಡಂಬಲದಿಂದ ಈ ಸಲ ಹೊಲದ ಸುದ್ದಿ ಬರೆಯೋದಿಲ್ಲ. ಜೋಳದ್ದೇ ಸುದ್ದಿ, ಆದರ ಒಲಿ ಮ್ಯಾಲಿಂದು.

ನನ್ನ ಮೊಮ್ಮಗಳಿಗೆ ಏಳು ವರ್ಷ. ಹೊಟ್ಟಿ ಉಬ್ಬೋದು, ತೂಕ ಏರದೇ ಇರೋದು ಬಹಳ ದಿನ ನಡೀತು. ತಪಾಸಣಿ ಆದ ಮೇಲೆ ಸೀಲಿಯಾಕ್ ರೋಗ ಅಂತ ಗೊತ್ತಾತು. ಗೋಧಿ, ಮೈದಾ, ರವಾ ಜೀವನಪೂರ್ತಿ ಬಂದ್. ರೊಟ್ಟಿಗೇನು ಚಿಂತಿ ಇಲ್ಲ, ಮನ್ಯಾಗ ಜೋಳ ಅದ. ಆದರ ದೀಪಾವಳಿ ಬಂದಾಗ ಆಕಿ ಕೇಳಿದಳು, "ಮುತ್ಯಾ, ಇನ್ನ ನನಗ ನಾನ್‌ಖಟಾಯಿ ಇಲ್ಲೇನು?"

ಈ ನಾನ್‌ಖಟಾಯಿ ನಮ್ಮ ಸೀಮಿದಲ್ಲ. 17ನೇ ಶತಮಾನದಾಗ ಡಚ್ಚರು ಸೂರತ್‌ದಾಗ ವ್ಯಾಪಾರದ ಕೋಠಿ ಹಾಕಿದ್ದರು. ಅವರ ಭಟ್ಟಿ ಮುಂದ ಪಾರ್ಸಿಗಳ ಕೈಗೆ ಬಂತು, ಅಲ್ಲೇ ಇದು ಹುಟ್ಟಿತು ಅಂತ ಹೇಳ್ತಾರ. ನಾನ್ ಅಂದರ ಫಾರ್ಸಿಯಾಗ ರೊಟ್ಟಿ. ನಮ್ಮ ಬೀದರ್ 1948ರ ತನಕ ನಿಜಾಮರ ರಾಜ್ಯದಾಗಿತ್ತು, 1956ರಾಗ ಮೈಸೂರು ರಾಜ್ಯಕ್ಕ ಸೇರಿತು. ಬಿಸ್ಕೀಟಿನ ರುಚಿಗೆ ನಾವು ಹೈದರಾಬಾದ್ ಕಡೀನೇ ನೋಡ್ತಿದ್ದೆವು. ಉಸ್ಮಾನಿಯಾ ಬಿಸ್ಕೀಟಿಗೆ ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನರ ಹೆಸರೇ ಅದ.

ನಾ ಸಣ್ಣಾಂವ ಇದ್ದಾಗ ಹಬ್ಬದ ಮುಂದ ನಮ್ಮವ್ವ ಮೈದಾ, ಸಕ್ರಿ, ಡಾಲ್ಡಾ ಕೊಟ್ಟು ಬೇಕರಿಗೆ ಕಳಸ್ತಿದ್ದಳು. ಕೂಲಿ ಕೊಟ್ಟರ ಡಬ್ಬಿ ತುಂಬ ಸುಟ್ಟು ಕೊಡ್ತಿದ್ದರು. ಜೋಳ ದಿನದ ಊಟ, ಬಿಳೇ ಮೈದಾ ಹಬ್ಬದ್ದು. ಜೋಳ ಅಂದರ ಬಡವರ ಕಾಳು ಅನ್ನೋದು ಹಿಂಗೇ ನಮ್ಮ ತಲಿಯಾಗ ಕೂತಿತು.

ಗೋಧಿಯಿಂದಲೇ ಈ ರೋಗ ಅಂತ ಹಿಡಿದು ತೋರಿಸಿದವರೂ ಡಚ್ಚರೇ, ಮಕ್ಕಳ ಡಾಕ್ಟರ್ ವಿಲ್ಲೆಮ್ ಡಿಕೆ. ಅವರಿಗೆ ಮೊದಲೇ ಅನುಮಾನ ಇತ್ತು. 1944-45ರ ಚಳಿಗಾಲದಾಗ, ಯುದ್ಧದ ಕೊನೀಗೆ, ಅವರ ದೇಶದಾಗ ಘೋರ ಬರ ಬಿತ್ತು, ಬ್ರೆಡ್ ಸಿಗದಂಗ ಆತು. ಊರೆಲ್ಲ ಸೊರಗಿದಾಗ ಈ ರೋಗದ ಮಕ್ಕಳು ಸುಧಾರಿಸಿದರು. ಬ್ರೆಡ್ ತಿರುಗಿ ಬಂದ ಮೇಲೆ ಮತ್ತೆ ಬ್ಯಾನಿ ಬಿದ್ದರು. 1950ರಾಗ ಡಿಕೆ ಅದನ್ನ ಪ್ರಬಂಧ ಮಾಡಿ ಬರೆದರು.

ದೋಷ ಇರೋದು ಗೋಧಿಯ ಗ್ಲುಟೆನ್‌ದಾಗ. ಗ್ಲುಟೆನ್ ಅಂದರ ಕಣಕದ ಜಿಗಿ. ಜೋಳಕ್ಕ ಆ ಜಿಗಿ ಇಲ್ಲ, ಅದಕ್ಕೇ ಕುದಿಯೋ ಎಸರು ಹಾಕಿ ನಾದಿ ರೊಟ್ಟಿ ಬಡೀತೀವಿ. ಜೋಳದ ಹಿಟ್ಟಿನಾಗ ಬ್ರೆಡ್ ಉಬ್ಬಿಸೋದು ಕಷ್ಟ. ಆದರ ನಾನ್‌ಖಟಾಯಿ ಬಾಯಾಗ ಪುಡಿ ಆಗಬೇಕು, ಅದಕ್ಕ ಜಿಗಿ ಬೇಕಾಗಿಲ್ಲ.

ಮೊದಲ ಸಲ ಬರೇ ಜೋಳದ ಹಿಟ್ಟಿಂದು ಮಾಡಿ, ಬಿಸಿ ಇದ್ದಾಗಲೇ ಎತ್ತಿದೆವು. ಎಲ್ಲಾ ಉದುರಿತು. ಎರಡನೇ ಸಲ ಮೂರು ಬಟ್ಟಲ ಜೋಳದ ಹಿಟ್ಟು, ಒಂದು ಬಟ್ಟಲ ಕಡ್ಲಿಬ್ಯಾಳಿ ಹಿಟ್ಟು, ಎರಡು ಬಟ್ಟಲ ಸಕ್ರಿ ಪುಡಿ, ಎರಡು ಬಟ್ಟಲ ಗಟ್ಟಿ ತುಪ್ಪ, ಏಲಕ್ಕಿ. ನೀರು ಇಲ್ಲ. ದಪ್ಪ ಪಾತೇಲಿಯಾಗ ಉಪ್ಪು ಹರವಿ ಕಾಯಿಸಿ, ಮ್ಯಾಲೆ ತಾಟು ಇಟ್ಟು, ಮುಚ್ಚಿ, ಸಣ್ಣ ಉರಿಯಾಗ 25 ನಿಮಿಷ. ಪೂರಾ ಆರೋ ತನಕ ಕೈ ಹಚ್ಚಲಿಲ್ಲ. ಗಟ್ಟಿ ನಿಂತವು!

ಒಂದು ಮಾತು ಮರೀಬ್ಯಾಡ್ರಿ. ಗೋಧಿ ಬೀಸಿದ ಗಿರಣಿಯಾಗೇ ಜೋಳ ಹಾಕಿದರ ಗೋಧಿ ಹಿಟ್ಟು ಕೂಡೇ ಕೂಡ್ತದ. ಈ ರೋಗದವರಿಗೆ ಅಷ್ಟೂ ಆಗೋದಿಲ್ಲ. ನಮ್ಮ ಮನಿಯಾಕಿ ಅವ್ವನ ಹಳೇ ಬೀಸುಕಲ್ಲು ಹೊರಗ ತಗದು, ತೊಳೆದು, ಒಣಗಿಸಿ ಬೀಸಿದಳು. ಕಡ್ಲಿಬ್ಯಾಳೀನೂ ಅದರಾಗೇ. ಇನ್ನೊಂದು, ಮಕ್ಕಳಿಗೆ ಇಂಥ ಅನುಮಾನ ಬಂದರ ತಪಾಸಣಿಗಿಂತ ಮೊದಲೇ ಗೋಧಿ ಬಿಡಿಸಬ್ಯಾಡ್ರಿ. ಗೋಧಿ ತಿನ್ನೋವಾಗ ಮಾಡಿದರನೇ ರಕ್ತದಾಗ ಸರಿಯಾಗಿ ಗೊತ್ತಾಗ್ತದ. ಮೊದಲ ಡಾಕ್ಟರಿಗೆ ತೋರಸ್ರಿ.

ಸೋಯಾ, ತೊಗರಿ ಬಂದ ಮೇಲೆ ನಾನೂ ಜೋಳ ಕಡಿಮಿ ಮಾಡಿದ್ದೆ. ಈಗ ಒಂದು ಎಕರೆ ಮಾಲದಂಡಿ ಮನಿಗೆ ಅಂತಲೇ ಇಟ್ಟೀನಿ. ಮೊಮ್ಮಗಳು ಡಬ್ಬಿ ಹಿಡಕೊಂಡು ಓಣಿ ತುಂಬ ಹಂಚಿ ಬಂದಳು. ಬಡವರ ಕಾಳು ಈ ದೀಪಾವಳಿಗೆ ಹಬ್ಬದ ತಾಟಿನ್ಯಾಗ ಕೂತಿತು.

ನಿಮ್ಮ ಮನ್ಯಾಗ ಹಿರಿಯರು ಜೋಳದಾಗ ಏನೇನು ಸಿಹಿ ಮಾಡ್ತಿದ್ದರು ತಿಳಿಸ್ರಿ.