ಅಕ್ಕಿ ತೌಡಿನ ‘ಇ’ ಜೀವಸತ್ವ ಮತ್ತು ಕ್ಯಾನ್ಸರ್ ಗಡ್ಡೆ: ತಿಳಿಯಬೇಕಾದ ಅಂಶಗಳು

‘ಇ’ ಜೀವಸತ್ವವು ಒಂದೇ ವಸ್ತುವಲ್ಲ. ಸಸ್ಯಗಳು ತಯಾರಿಸುವ ನಾಲ್ಕು ಟೋಕೋಫೆರಾಲ್ ಹಾಗೂ ನಾಲ್ಕು ಟೋಕೋಟ್ರೈಯೆನಾಲ್, ಒಟ್ಟು ಎಂಟು ಸಂಯುಕ್ತಗಳು ಈ ಗುಂಪಿಗೆ ಸೇರಿವೆ. ಸೂರ್ಯಕಾಂತಿ ಎಣ್ಣೆಯಲ್ಲಿ ಟೋಕೋಫೆರಾಲ್ ಪ್ರಧಾನ. ಅಕ್ಕಿ ತೌಡು, ಬಾರ್ಲಿ ಮತ್ತು ತಾಳೆ ಎಣ್ಣೆಯಲ್ಲಿ ಟೋಕೋಟ್ರೈಯೆನಾಲ್ ಗಣನೀಯವಾಗಿದೆ.

ಗಡ್ಡೆಯ ಮೇಲಿನ ಪರಿಣಾಮ: ಪ್ರಯೋಗಾಲಯದಲ್ಲಿ ಬೆಳೆಸಿದ ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಲ್ಲಿ ಗಾಮಾ ಹಾಗೂ ಡೆಲ್ಟಾ ಟೋಕೋಟ್ರೈಯೆನಾಲ್‌ಗಳು ಕೋಶ ವಿಭಜನೆಯನ್ನು ತಗ್ಗಿಸಿವೆ. ಇಲಿಗಳಲ್ಲಿಯೂ ಗಡ್ಡೆಯ ಬೆಳವಣಿಗೆ ಕುಂಠಿತವಾದುದು ಕಂಡುಬಂದಿದೆ. ಆದರೆ ಮನುಷ್ಯರಲ್ಲಿ ಇದು ಚಿಕಿತ್ಸೆಯಾಗಿ ಸಿದ್ಧಪಟ್ಟಿಲ್ಲ.

ಎಚ್ಚರಿಕೆಯ ಪಾಠ: ಅಮೆರಿಕ ಮೊದಲಾದೆಡೆ 35,000ಕ್ಕೂ ಹೆಚ್ಚು ಪುರುಷರ ಮೇಲೆ ನಡೆದ ‘ಸೆಲೆಕ್ಟ್’ ಅಧ್ಯಯನದಲ್ಲಿ ಪ್ರತಿದಿನ 400 ಅಂತರರಾಷ್ಟ್ರೀಯ ಘಟಕಗಳಷ್ಟು ಆಲ್ಫಾ ಟೋಕೋಫೆರಾಲ್ ಮಾತ್ರೆಯನ್ನಷ್ಟೇ ಸೇವಿಸಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಿದ್ದುದು 2011ರಲ್ಲಿ ಪ್ರಕಟವಾಯಿತು. ಆಹಾರದಲ್ಲಿರುವ ಪೋಷಕಾಂಶ ಬೇರೆ, ಹೆಚ್ಚಿನ ಪ್ರಮಾಣದ ಮಾತ್ರೆ ಬೇರೆ.

ರೈತರಿಗೆ ಸಲಹೆಗಳು:
• ಮನೆಬಳಕೆಗೆ ಪಾಲಿಶ್ ಕಡಿಮೆ ಮಾಡಿದ ಅಕ್ಕಿಯನ್ನು ಬಳಸಿರಿ. ಪಾಲಿಶ್ ಹೆಚ್ಚಿದಷ್ಟೂ ಈ ಸಂಯುಕ್ತಗಳು ತೌಡಿನೊಡನೆ ಹೊರಹೋಗುತ್ತವೆ.
• ಗಿರಣಿಯಿಂದ ಬಂದ ತೌಡನ್ನು ಕೂಡಿಡಬೇಡಿರಿ. ಅದರಲ್ಲಿನ ಲೈಪೇಸ್ ಕಿಣ್ವವು ಎಣ್ಣೆಯನ್ನು ಬೇಗನೆ ಕೆಡಿಸುವುದರಿಂದ, ಶಾಖ ಸಂಸ್ಕರಣೆ ಮಾಡಿಸಿರಿ ಅಥವಾ ಅಂದೇ ಎಣ್ಣೆ ಘಟಕಕ್ಕೆ ಕಳುಹಿಸಿರಿ.
• ತೌಡಿನೆಣ್ಣೆಯನ್ನು ಅಡುಗೆ ಎಣ್ಣೆಯೆಂದು ಮಾರಿರಿ, ಔಷಧಿಯೆಂದಲ್ಲ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ: ಎಣ್ಣೆಯನ್ನಾಗಲಿ ಮಾತ್ರೆಯನ್ನಾಗಲಿ ನಂಬಿ ಯಾವ ರೋಗಿಯೂ ಆಸ್ಪತ್ರೆಯ ಚಿಕಿತ್ಸೆಯನ್ನು ಮುಂದೂಡದಂತೆ ತಿಳಿಹೇಳಿರಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ‘ಇ’ ಜೀವಸತ್ವದ ಮಾತ್ರೆ ತೆಗೆದುಕೊಂಡರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.