ಬಾಚಣಿಗೆ ಹೊತ್ತ ಅಪವಾದ

ಅಮೆರಿಕದ ಕಪ್ಪು ಜನರ ಮನೆಗಳಲ್ಲಿ ಕೂದಲು ನೇರ ಮಾಡುವ ಕೆಲಸ ಎಷ್ಟೋ ವೇಳೆ ಅಡುಗೆಮನೆಯಲ್ಲೇ ನಡೆಯುತ್ತಿತ್ತು. ಲೋಹದ ಬಾಚಣಿಗೆಯನ್ನು ಒಲೆಯ ಮೇಲೆ ಕಾಯಿಸಿ, ಕೂದಲಿಗೆ ವ್ಯಾಸಲೀನಿನಂಥ ಜಿಡ್ಡು ಸವರಿ, ಸುಡದ ಹಾಗೆ ಕಿವಿ ಮಡಚಿ ಹಿಡಿದು, ಬುಡದಿಂದ ತುದಿಯವರೆಗೆ ಎಳೆಯುತ್ತಿದ್ದರು. ತಮ್ಮ ಕೂದಲೇ ಉದುರತೊಡಗಿದಾಗ ಈ ದಾರಿಗೆ ಬಂದ ಮೇಡಂ ಸಿ.ಜೆ. ವಾಕರ್ (1867–1919) ಕೇಶದ ಆರೈಕೆಯನ್ನು ಸಾವಿರಾರು ಕಪ್ಪು ಹೆಂಗಸರ ಜೀವನೋಪಾಯವಾಗಿಸಿದರು. ಊರವರ ಬಟ್ಟೆ ಒಗೆದು ಬದುಕುತ್ತಿದ್ದವರಿಗೆ ಅದು ಸಣ್ಣ ಮಾತಲ್ಲ. ಆ ಬಾಚಣಿಗೆಗೆ 1968ರಲ್ಲಿ ಕಳಂಕ ಅಂಟಿತು. ಲೊಪ್ರೆಸ್ಟಿ, ಪಾಪಾ, ಕ್ಲಿಗ್ಮನ್ ಎಂಬ ವೈದ್ಯರು ಕಪ್ಪು ಹೆಂಗಸರ ನೆತ್ತಿಯಲ್ಲಿ ಶುರುವಾಗಿ ಸುತ್ತಲೂ ಹರಡುವ ಬೋಳನ್ನು ಗಮನಿಸಿ, ಬಿಸಿಗೆ ಕರಗಿದ ಜಿಡ್ಡು ಕೂದಲ ಬುಡಕ್ಕಿಳಿದು ಸುಡುತ್ತದೆಂದು ಊಹಿಸಿ, 'ಹಾಟ್ ಕೋಂಬ್ ಅಲೊಪೇಶಿಯಾ', ಅಂದರೆ ಬಿಸಿ ಬಾಚಣಿಗೆಯ ಬೋಳು, ಎಂದು ಹೆಸರಿಟ್ಟರು.

ಊಹೆ ಹೆಸರಾಗಿ ನಿಂತದ್ದೇ ಅನ್ಯಾಯ. ಈ ರೋಗದಲ್ಲಿ ಕೂದಲ ಬುಡದ ಚೀಲವೇ ಸತ್ತು, ಆ ಜಾಗದಲ್ಲಿ ಗಾಯದ ಕಲೆ ಕಟ್ಟುತ್ತದೆ. ಚರ್ಮ ನುಣುಪಾಗುತ್ತದೆ, ಹೋದ ಕೂದಲು ಮರಳುವುದಿಲ್ಲ. ಅಷ್ಟು ಕಳೆದುಕೊಂಡವಳಿಗೆ ತಪ್ಪು ನಿನ್ನದೇ ಎಂದು ಆ ಹೆಸರು ಹೇಳುತ್ತಿತ್ತು. 1992ರಲ್ಲಿ ಸ್ಪರ್ಲಿಂಗ್ ಮತ್ತು ಸೌ ಎಂಬ ವೈದ್ಯರು ರೋಗಿಗಳನ್ನು ಪರೀಕ್ಷಿಸಿದಾಗ ಬಾಚಣಿಗೆಯ ಬಳಕೆಗೂ ರೋಗದ ಹಾದಿಗೂ ತಾಳೆಯಾಗಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡದ್ದೇ ಬೇರೆ: ಕೂದಲನ್ನು ಸುತ್ತುವ ಒಳಪೊರೆ ಹೊತ್ತಿಗೆ ಮುಂಚೆಯೇ ಕಳಚಿಕೊಳ್ಳುತ್ತಿತ್ತು. ಎರಡು ವರ್ಷದ ನಂತರ ಗಂಡಸರಲ್ಲೂ ಇದೇ ರೋಗ ವರದಿಯಾಯಿತು. 2001ರಲ್ಲಿ ತಜ್ಞರು ಒಟ್ಟುಗೂಡಿ ನೆತ್ತಿಯಿಂದ ಹರಡುವ ಅದರ ರೀತಿಯನ್ನೂ ಉಳಿಯುವ ಕಲೆಯನ್ನೂ ಮಾತ್ರ ಹೇಳುವ ಹೊಸ ಹೆಸರನ್ನು ಒಪ್ಪಿದರು. 2019ರಲ್ಲಿ ಆಫ್ರಿಕಾ ಮೂಲದ 58 ರೋಗಿಗಳ ಪೈಕಿ 14 ಮಂದಿಯಲ್ಲಿ, ಕೂದಲ ಎಳೆ ರೂಪುಗೊಳ್ಳಲು ಬೇಕಾದ ಪಿಎಡಿಐ3 ಎಂಬ ಜೀನ್ ಕೆಟ್ಟಿದ್ದು ಕಂಡುಬಂತು.

ಉಳಿದ 44 ಮಂದಿಯ ಕಥೆಯೇನು, ಬಿಸಿ, ಬಿಗಿ ಜಡೆ, ರಾಸಾಯನಿಕಗಳು ನಿರ್ದೋಷಿಗಳೇ ಎಂದು ಕೇಳಬಹುದು. ಪೂರ್ತಿ ನಿರ್ದೋಷಿಗಳೆನ್ನಲಾಗದು. ಬುಡ ಮೊದಲೇ ದುರ್ಬಲವಾಗಿದ್ದರೆ ಎಳೆತ ಅದನ್ನು ಇನ್ನಷ್ಟು ನೋಯಿಸೀತು. ಆದರೆ ನೋಯಿಸುವುದು ಬೇರೆ, ಹುಟ್ಟಿಸುವುದು ಬೇರೆ. ಹೆಸರಿನಲ್ಲೇನಿದೆ ಎಂಬ ಆಕ್ಷೇಪವನ್ನಂತೂ ಒಪ್ಪಲಾರೆ: ಬಾಚಣಿಗೆ ಬಿಡು ಎಂದಷ್ಟೇ ಹೇಳಿ ಕಳಿಸಿದರೆ, ಉರಿಯೂತವನ್ನು ಔಷಧಿಯಿಂದ ತಗ್ಗಿಸಬಹುದಾದ ಹೊತ್ತು ಕೈಜಾರುತ್ತದೆ. ದೋಷ ರಕ್ತಸಂಬಂಧದಲ್ಲೂ ಇಳಿಯುವುದೆಂದು ತಿಳಿದ ಮೇಲೆ, ತಾಯಿಯ ನೆತ್ತಿ ನೋಡಿದ ವೈದ್ಯರು ಮಗಳ ಬೈತಲೆಯನ್ನೂ ಬಿಡಿಸಿ ನೋಡಬಹುದು, ಅಲ್ಲಿ ಇನ್ನೂ ಕೂದಲು ಇರುವಾಗಲೇ.